ಸ್ಟಾರ್ಟರ್ಸ್‌ಗೆ ವೈನ್: ಮಸಾಲೆ ನೋಡಿ ಬಾಟಲಿ ಆರಿಸಿ

ಮಾನ್ಯ ಸಂಪಾದಕರೆ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ವಾರಾಂತ್ಯದ ಪುರವಣಿಗಳಲ್ಲಿ ವೈನ್ ಬಗ್ಗೆ ಒಂದು ಬರಹ ಇದ್ದೇ ಇರುತ್ತದೆ. ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ, ಜೊತೆಗೊಂದು ಚೀಸ್ ತಟ್ಟೆ, ಅಲ್ಲಿಗೆ ಮುಗಿಯಿತು. ಬೆಣ್ಣೆಯಲ್ಲಿ ಬೇಯಿಸಿದ ಮೀನು, ಉಪ್ಪು ಬಿಟ್ಟರೆ ಬೇರೇನೂ ಕಾಣದ ಸುಟ್ಟ ಮಾಂಸ ತಿನ್ನುವ ಕಡೆ ಈ ಸಲಹೆ ನಡೆಯುತ್ತದೆ. ಆದರೆ ನಂದಿ ಬೆಟ್ಟದ ತಪ್ಪಲಿನ ವೈನರಿಗೋ ಸಕಲೇಶಪುರದ ಹೋಂಸ್ಟೇಗೋ ಹತ್ತು ಹನ್ನೆರಡು ಮಂದಿ ಹೊರಟಾಗ ಮೇಜಿಗೆ ಬರುವುದು ಕೋಳಿ ಕಬಾಬ್, ಗೋಬಿ ಮಂಚೂರಿ, ಪನೀರ್ ಟಿಕ್ಕಾ, ಅಂಜಲ್ ರವಾ ಫ್ರೈ, ಮಸಾಲೆ ಕಡಲೆಬೀಜ. ಇಲ್ಲಿ ವೈನಿನ ಜೊತೆ ಜಗಳಕ್ಕೆ ನಿಲ್ಲುವುದು ಖಾರ, ಹುಳಿ, ಸಕ್ಕರೆ ಮತ್ತು ಸೋಯಾ ಸಾಸ್. ಕೋಳಿಯೋ ಮೀನೋ ಎಂಬುದು ಆಮೇಲಿನ ಮಾತು.

ಉದ್ಯಮಿ ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟ ಎಬ್ಬಿಸಿದಾಗಿನಿಂದ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಎಂಬ ಕೆಂಪು ವೈನ್ ದ್ರಾಕ್ಷಿಗಳ ಹೆಸರುಗಳು ನಮ್ಮಲ್ಲಿ ರೂಢಿಗೆ ಬಂದಿವೆ. ಅದರ ಅಡ್ಡಪರಿಣಾಮವೆಂದರೆ, ತಂಡದಲ್ಲಿ ಹೋದವರು ಒಳ್ಳೆಯ ವೈನ್ ಎಂದರೆ ಓಕ್ ಪೀಪಾಯಿಯಲ್ಲಿಟ್ಟ ದಪ್ಪ ಕೆಂಪು ವೈನ್ ಎಂದುಕೊಂಡು, ಇದ್ದುದರಲ್ಲಿ ದುಬಾರಿ ಬಾಟಲಿ ತೆಗೆಸಿ ಕಬಾಬಿನ ಮುಂದಿಡುತ್ತಾರೆ. ಎರಡು ಗುಟುಕಿಗೆ ಬಾಯಿ ಉರಿದು, ನಾಲಿಗೆ ಒಗರಾಗಿ, ‘ನಮಗೆ ವೈನ್ ಆಗಿಬರಲ್ಲ, ಬಿಯರ್ ತನ್ನಿ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ತಪ್ಪು ವೈನಿನದೂ ಅಲ್ಲ, ಕಬಾಬಿನದೂ ಅಲ್ಲ.

ಕಾರಣ ಸರಳ. ಮೆಣಸಿನಕಾಯಿಯ ಖಾರ ರುಚಿಯ ಲೆಕ್ಕಕ್ಕೆ ಸೇರುವುದಿಲ್ಲ, ಅದು ಉರಿ. ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರಗಳನ್ನೇ ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ಅಂಶ ಕೆಣಕುತ್ತದೆ. ಆಲ್ಕೋಹಾಲ್ ಆ ನರಗಳನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಹಾಗಾಗಿ 14 ಶೇಕಡಾ ಆಲ್ಕೋಹಾಲ್ ಇರುವ ಕೆಂಪು ವೈನ್ ಖಾರವನ್ನು ತಣಿಸುವ ಬದಲು ಏರಿಸುತ್ತದೆ. ಅದರ ಮೇಲೆ ದ್ರಾಕ್ಷಿ ಸಿಪ್ಪೆಯ ಟ್ಯಾನಿನ್ (ಒಗರಿನ ಅಂಶ), ಓಕ್ ಪೀಪಾಯಿಯ ಟ್ಯಾನಿನ್ ಎರಡೂ ಸೇರಿ ನಾಲಿಗೆಯನ್ನು ಒಣಗಿಸುತ್ತವೆ. ಖಾರದ ತಟ್ಟೆಗೆ ಬೇಕಾದ್ದು ಆಲ್ಕೋಹಾಲ್ 12 ಶೇಕಡಾ ಆಸುಪಾಸಿನಲ್ಲಿರುವ, ಒಗರು ಕಡಿಮೆಯಿರುವ, ತುಸು ಸಿಹಿ ಉಳಿಸಿಕೊಂಡ, ಚೆನ್ನಾಗಿ ತಣಿದ ವೈನ್. ಶೇಕಡಾವಾರು ಪ್ರಮಾಣ ಪ್ರತಿ ಬಾಟಲಿಯ ಮೇಲೂ ಅಚ್ಚಾಗಿರುತ್ತದೆ. ಹೆಸರು ಓದುವ ಮೊದಲು ಅದನ್ನು ಓದಿ.

ಹುಳಿಯ ಲೆಕ್ಕ ಬೇರೆ. ನಿಂಬೆ, ಹುಣಸೆ, ವಿನೆಗರ್ ಬಿದ್ದ ತಿನಿಸಿನ ಜೊತೆ ಹುಳಿ ಕಡಿಮೆಯಿರುವ ವೈನ್ ಸಪ್ಪೆ ನೀರಾಗುತ್ತದೆ, ಆದ್ದರಿಂದ ವೈನಿನ ಹುಳಿ ತಟ್ಟೆಯ ಹುಳಿಗೆ ಸಮನಾಗಿರಬೇಕು ಅಥವಾ ಒಂದು ಕೈ ಮೇಲಿರಬೇಕು. ಸಿಹಿಗೂ ಇದೇ ಸೂತ್ರ: ಟೊಮೆಟೊ ಸಾಸ್, ಸಿಹಿ ಚಟ್ನಿ, ಜೇನು ಸವರಿದ ರೆಕ್ಕೆ ತಿಂದ ಮೇಲೆ ಸಿಹಿಯಿಲ್ಲದ ವೈನ್ ಬರೀ ಹುಳಿ ನೀರಿನಂತೆ ಕಾಣುತ್ತದೆ. ಸೋಯಾ ಸಾಸ್, ಅಣಬೆ, ಅಜಿನಮೊಟೊ ಇವು ವೈನಿನ ಕಹಿಯನ್ನು ಹೊರಗೆಳೆಯುತ್ತವೆ. ಉಪ್ಪು ಮಾತ್ರ ವೈನಿಗೆ ಒಳ್ಳೆಯ ನೆಂಟ, ಒಗರನ್ನೂ ಹುಳಿಯನ್ನೂ ಮೃದು ಮಾಡುತ್ತದೆ. ಎಣ್ಣೆಯ ಜಿಡ್ಡನ್ನು ಹುಳಿ ಮತ್ತು ನೊರೆ ತೊಳೆಯುತ್ತವೆ. ಇಷ್ಟು ತಿಳಿದರೆ ಮೆನು ನೋಡಿ ಯಾರು ಬೇಕಾದರೂ ಬಾಟಲಿ ಆರಿಸಬಹುದು.

ಈಗ ತಟ್ಟೆಗಳಿಗೆ ಬರೋಣ. ನಿಪ್ಪಟ್ಟು, ಕೋಡುಬಳೆ, ಮದ್ದೂರು ವಡೆ, ಅಂಬೊಡೆ, ಈರುಳ್ಳಿ ಪಕೋಡ, ಹುರಿದ ಗೋಡಂಬಿ: ಉಪ್ಪು, ಎಣ್ಣೆ, ಗರಿಗರಿ. ಇವುಗಳಿಗೆ ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನಿನಷ್ಟು ಒಪ್ಪುವುದು ಇನ್ನೊಂದಿಲ್ಲ. ಪ್ರವಾಸದ ಮೊದಲ ಬಾಟಲಿ ಅದೇ ಆಗಿರಲಿ, ಹಸಿದವರೂ ಮಾತಿನಲ್ಲಿರುವವರೂ ಒಟ್ಟಿಗೇ ಅದಕ್ಕೆ ಕೈ ಚಾಚುತ್ತಾರೆ. ಕೊಳ್ಳುವಾಗ ಒಂದು ಮೋಸ ಗೊತ್ತಿರಲಿ. ಸ್ಪಾರ್ಕ್ಲಿಂಗ್ ಬಾಟಲಿಯ ಮೇಲೆ ‘ಬ್ರುಟ್’ ಎಂದಿದ್ದರೆ ಸಕ್ಕರೆ ಲೀಟರಿಗೆ 12 ಗ್ರಾಂ ಒಳಗೆ. ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ ಇನ್ನೂ ಕಡಿಮೆ ಸಿಹಿ ಎಂದು ಎಲ್ಲರೂ ಭಾವಿಸುತ್ತಾರೆ, ಆದರೆ ಅದರಲ್ಲಿ ಸಕ್ಕರೆ 12ರಿಂದ 17 ಗ್ರಾಂ. ‘ಡೆಮಿ ಸೆಕ್’ ಅಂತೂ 32 ಗ್ರಾಂ ದಾಟುತ್ತದೆ. ಬರೀ ಉಪ್ಪಿನ ತಿನಿಸಿಗೆ ಬ್ರುಟ್, ಮೇಜಿನ ಮೇಲೆ ಹಸಿಮೆಣಸಿನಕಾಯಿ ಚಟ್ನಿಯೂ ಇದ್ದರೆ ಎಕ್ಸ್‌ಟ್ರಾ ಡ್ರೈ.

ಮೆಣಸಿನಕಾಯಿ ಬಜ್ಜಿಗೆ, ಕೆಂಪು ಕೋಳಿ ಕಬಾಬಿಗೆ, ಬೇಬಿಕಾರ್ನ್ ಚಿಲ್ಲಿಗೆ ಚೆನಿನ್ ಬ್ಲಾಂಕ್ ಎಂಬ ಬಿಳಿ ವೈನ್. ನಾಸಿಕ್ ಕಡೆಯಿಂದಲೂ ನಮ್ಮ ಕಡೆಯಿಂದಲೂ ಬರುವ ಚೆನಿನ್‌ಗಳಲ್ಲಿ ಹೆಚ್ಚಿನವು ಸ್ವಲ್ಪ ಸಿಹಿ ಉಳಿಸಿಕೊಂಡವು. ಕೊಳ್ಳುವಾಗ ಹಿಂಬದಿಯ ಚೀಟಿಯಲ್ಲಿ ಡ್ರೈ (ಸಿಹಿಯಿಲ್ಲದ್ದು) ಎಂದಿದೆಯೋ ಆಫ್-ಡ್ರೈ (ತುಸು ಸಿಹಿಯದು) ಎಂದಿದೆಯೋ ನೋಡಿ, ಆಫ್-ಡ್ರೈ ಇರುವುದನ್ನೇ ತನ್ನಿ. ‘ಲೇಟ್ ಹಾರ್ವೆಸ್ಟ್’ ಎಂದಿದ್ದರೆ ಅದು ಪಾಯಸದ ಜೊತೆ ಕುಡಿಯುವಷ್ಟು ಸಿಹಿ, ಸ್ಟಾರ್ಟರ್ಸ್‌ಗೆ ಬೇಡ. ಗೋಬಿ ಮಂಚೂರಿ ಎಲ್ಲಕ್ಕಿಂತ ತಂಟೆಕೋರ: ಸೋಯಾ, ವಿನೆಗರ್, ಸಕ್ಕರೆ, ಹಸಿಮೆಣಸಿನಕಾಯಿ ನಾಲ್ಕೂ ಒಂದೇ ತಟ್ಟೆಯಲ್ಲಿ. ಆಫ್-ಡ್ರೈ ಚೆನಿನ್ ಅಥವಾ ರೀಸ್ಲಿಂಗ್ ಎಂಬ ಇನ್ನೊಂದು ಬಿಳಿ ವೈನ್ ಬಿಟ್ಟರೆ ಅದರ ಮುಂದೆ ನಿಲ್ಲುವ ವೈನ್ ಕಡಿಮೆ. ಗ್ರೇವಿ ಬೇಡ, ಡ್ರೈ ಮಂಚೂರಿಯೇ ಇರಲಿ, ಸಾಸ್ ಕಮ್ಮಿ ಹಾಕಿ ಎಂದು ಅಡುಗೆಮನೆಗೆ ಹೇಳಿ ಕಳುಹಿಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಪನೀರಿಗೆ ಸ್ವಂತ ಜೋರಿಲ್ಲ, ಅದಕ್ಕೆ ಹಚ್ಚಿದ ಮಸಾಲೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಪುದೀನ, ಕೊತ್ತಂಬರಿಯ ಹಸಿರು ಹರಿಯಾಲಿ ಟಿಕ್ಕಾಗೆ ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್. ಆ ದ್ರಾಕ್ಷಿಯ ವೈನಿನಲ್ಲೇ ಹಸಿ ಸೊಪ್ಪು, ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಇರುವುದರಿಂದ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಮೊಸರು, ಕೆಂಪು ಮೆಣಸಿನಪುಡಿ ಹಚ್ಚಿ ತಂದೂರಿಯಲ್ಲಿ ಸುಟ್ಟಿದ್ದಾದರೆ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್.

ರೋಸೆಯನ್ನು ನಮ್ಮ ಗಂಡಸರು ಬಣ್ಣ ನೋಡಿಯೇ ದೂರ ತಳ್ಳುತ್ತಾರೆ. ಹತ್ತು ಬಗೆಯ ತಿನಿಸು ಇರುವ ಮೇಜಿಗೆ ಒಂದೇ ಬಾಟಲಿ ಎಂದರೆ ಯಾವ ಅನುಮಾನವೂ ಇಲ್ಲದೆ ಅದನ್ನೇ ಆರಿಸಬೇಕು. ಕೆಂಪು ದ್ರಾಕ್ಷಿಯ ಸಿಪ್ಪೆ ರಸದಲ್ಲಿ ಕೆಲವೇ ಗಂಟೆ ಇರುವುದರಿಂದ ಹಣ್ಣಿನ ವಾಸನೆ ಬರುತ್ತದೆ, ಒಗರು ಬರುವುದಿಲ್ಲ. ಕುಂದಾಪುರದ ಕೋಳಿ ಘೀ ರೋಸ್ಟ್ ಜೊತೆ ಇದರ ಗುಣ ಗೊತ್ತಾಗುತ್ತದೆ. ಆ ಮಸಾಲೆಯ ಕೆಂಪು ನೋಡಿ ಹೆದರಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಉರಿ ಕಡಿಮೆ. ಅಲ್ಲಿ ಲೆಕ್ಕಕ್ಕೆ ಬರುವುದು ತುಪ್ಪದ ಜಿಡ್ಡು ಮತ್ತು ಹುಣಸೆಯ ಹುಳಿ, ತಣ್ಣನೆಯ ಡ್ರೈ ರೋಸೆ ಎರಡನ್ನೂ ಹಿಡಿದುಕೊಳ್ಳುತ್ತದೆ. ಬ್ಯಾಡಗಿಯ ಬದಲು ಗುಂಟೂರು ಹಾಕುವ ಅಡುಗೆಮನೆಯಾದರೆ ಮತ್ತೆ ಚೆನಿನ್‌ಗೇ ಹೋಗಬೇಕು. ಆರ್ಡರ್ ಕೊಡುವ ಮೊದಲು ಕೇಳಿ, ಹೇಳುತ್ತಾರೆ.

ಮೀನಿನ ವಿಷಯದಲ್ಲಿ ಹಳೆಯ ಸಲಹೆಯೇ ಸರಿ, ಆದರೆ ಕಾರಣ ಯಾರೂ ಬರೆಯುವುದಿಲ್ಲ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನ ಜೊತೆ ಸೇರಿ ಬಾಯಲ್ಲಿ ಹಳಸಿದ ಮೀನಿನ, ಲೋಹದ ವಾಸನೆ ಎಬ್ಬಿಸುತ್ತದೆ. ಕೊಬ್ಬು ಹೆಚ್ಚಿರುವ ಬಂಗುಡೆ, ಭೂತಾಯಿಯಲ್ಲಿ ಇದು ಥಟ್ಟನೆ ಗೊತ್ತಾಗುತ್ತದೆ; ಕಾಣೆ, ಅಂಜಲ್‌ಗಳಲ್ಲಿ ಅಷ್ಟಾಗಿ ಇಲ್ಲ. ರವಾ ಫ್ರೈಗೆ ಬ್ರುಟ್ ಅಥವಾ ಸೊವಿನ್ಯೋನ್ ಬ್ಲಾಂಕ್, ಮೇಲೆ ನಿಂಬೆ ಹಿಂಡಲು ಹಿಂಜರಿಯಬೇಡಿ.

ಹಾಗಾದರೆ ಕೆಂಪು ವೈನ್ ಯಾವಾಗ? ಕರಿಮೆಣಸು ಮುಂದಿರುವಾಗ. ಮಟನ್ ಪೆಪ್ಪರ್ ಫ್ರೈ, ಕೊಡಗಿನ ಹಂದಿ ಮಾಂಸ ಇವುಗಳ ಜೊತೆ ಶಿರಾಜ್ ಹೊಂದುವುದಕ್ಕೆ ಗಟ್ಟಿ ಕಾರಣವಿದೆ: ಕಾಳುಮೆಣಸಿನ ವಾಸನೆಗೆ ಮೂಲವಾದ ರೊಟಂಡೋನ್ ಎಂಬ ಅಂಶವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ. ಪಂದಿ ಕರಿಗೆ ಹಾಕುವ ಕಾಚಂಪುಳಿಯ ಹುಳಿ ಜೋರಾದ್ದರಿಂದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ‘ರಿಸರ್ವ್’ ಬೇಡ. ಎಳೆಯ, ಹಣ್ಣಿನ ರುಚಿಯ ಶಿರಾಜ್ ಸಾಕು, ಬೆಲೆಯೂ ಕಡಿಮೆ. ಟೊಮೆಟೊ ಹಾಕಿದ ಬ್ರುಸ್ಕೆಟಾ, ಪಿಜ್ಜಾ ತುಂಡುಗಳಿರುವ ಮೇಜಾದರೆ ಇಟಲಿ ಮೂಲದ ಕೆಂಪು ವೈನ್ ಸಾಂಜೊವೇಸೆ; ಅದಕ್ಕೆ ಹುಟ್ಟಿನಿಂದಲೇ ಹುಳಿ ಹೆಚ್ಚು. ದುಬಾರಿ ಕ್ಯಾಬರ್ನೆಯನ್ನು ಸ್ಟಾರ್ಟರ್ಸ್ ಜೊತೆ ಬಿಚ್ಚುವುದು ದಂಡ. ಮನೆಗೆ ಒಯ್ಯಿರಿ.

ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ಸಿಹಿ ಪೋರ್ಟ್ ವೈನನ್ನು ತಿಳಿದವರು ಮೂಗು ಮುರಿದು ಬದಿಗಿಡುತ್ತಾರೆ. ದ್ರಾಕ್ಷಿ ಜ್ಯೂಸಿನ ಆ ಗಾಢ ವಾಸನೆ ಮೀನಿನ ಪಕ್ಕದಲ್ಲಿ ಅಸಹ್ಯ ನಿಜ. ಆದರೆ ಚೆನ್ನಾಗಿ ತಣಿಸಿ 60 ಮಿ.ಲೀ. ಅಳತೆಯಲ್ಲಿ ಖಾರದ ಕಡಲೆಬೀಜದ ಜೊತೆ ಕೊಟ್ಟರೆ, ಸಿಹಿ ವೈನೇ ಬೇಕೆನ್ನುವ ಹೊಸಬರು ಖುಷಿಯಾಗುತ್ತಾರೆ. ಮಡಿಕೇರಿ ಕಡೆ ಅಂಗಡಿಗಳಲ್ಲಿ ಸಿಗುವ ‘ಹೋಮ್‌ಮೇಡ್ ವೈನ್’ ಬೇರೆ ಸಂಗತಿ. ಆಲ್ಕೋಹಾಲ್ ಎಷ್ಟೆಂದು ಬರೆದಿರದ ಬಾಟಲಿಯನ್ನು ತಂಡಕ್ಕೆ ಬಡಿಸಬೇಡಿ.

ಎಷ್ಟು ಬಾಟಲಿ ಎಂಬ ಪ್ರಶ್ನೆಗೆ ‘ತಲೆಗೊಂದು’ ಎಂಬ ಉತ್ತರ ಕೇಳಿಬರುವುದುಂಟು, ಅದು ಅತಿಯಾಯಿತು. ಹನ್ನೆರಡು ಮಂದಿಯಲ್ಲಿ ಕುಡಿಯುವವರು ಎಂಟು ಎಂದಿಟ್ಟುಕೊಳ್ಳಿ. ಬಾಟಲಿ 750 ಮಿ.ಲೀ. ಒಂದು ಬಾಟಲಿಯಿಂದ ಎಂಟು ಜನಕ್ಕೆ 90 ಮಿ.ಲೀ.ಯಂತೆ ಬರುತ್ತದೆ, ಪೆಗ್ ಅಳತೆಯಲ್ಲಿ ಒಂದು ಲಾರ್ಜ್, ಒಂದು ಸ್ಮಾಲ್. ಕೈಯಂದಾಜಿನಲ್ಲಿ ಸುರಿದರೆ ಐದನೆಯವರಿಗೇ ಬಾಟಲಿ ಖಾಲಿಯಾಗುತ್ತದೆ, ಉಳಿದ ಮೂವರಿಗಾಗಿ ಇನ್ನೊಂದು ಬಿಚ್ಚಬೇಕಾಗುತ್ತದೆ. ಆದ್ದರಿಂದ ಅಳತೆಯ ಲೋಟ ಕೇಳಿ ಇಟ್ಟುಕೊಳ್ಳಿ. ಮಧ್ಯಾಹ್ನದ ಸ್ಟಾರ್ಟರ್ಸ್‌ಗೆ ಮೂರು ಬಾಟಲಿ ಸಾಕು: ಒಂದು ಬ್ರುಟ್, ಒಂದು ಆಫ್-ಡ್ರೈ ಚೆನಿನ್, ಒಂದು ರೋಸೆ. ಪೆಪ್ಪರ್ ಫ್ರೈ ಇದ್ದೇ ಇದೆ ಎಂದಾದರೆ ನಾಲ್ಕನೆಯದಾಗಿ ಶಿರಾಜ್ ತನ್ನಿ, ಕೇಳಿದರೆ ಮಾತ್ರ ಬಿಚ್ಚಿ. ವೈನರಿಯಲ್ಲಿ ರುಚಿ ನೋಡುವ ಸುತ್ತು ಮುಗಿಸಿ ಊಟಕ್ಕೆ ಕೂರುವುದಾದರೆ ಒಂದು ಬಾಟಲಿ ಕಡಿಮೆ ಮಾಡಿ. ಐದು ಬಗೆ, 30 ಮಿ.ಲೀ.ಯಂತೆ ಎಂದರೂ ಆಗಲೇ 150 ಮಿ.ಲೀ. ಒಳಗೆ ಹೋಗಿರುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ಹುಷಾರಾಗಿರಬೇಕು. ‘ವೈನ್ಸ್’ ಎಂದು ಫಲಕ ಹಾಕಿರುವ ಅಂಗಡಿಗಳಲ್ಲಿ ಅತಿ ಕಡಿಮೆ ಖರ್ಚಾಗುವ ಸರಕೇ ವೈನ್, ಹೀಗಾಗಿ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಎಷ್ಟೋ ಕಾಲದಿಂದ ನಿಂತೇ ಇರುವ ಬಾಟಲಿಗಳು ಸಿಗುತ್ತವೆ. ನಮ್ಮಲ್ಲಿ ಕೊಯ್ಲು ವರ್ಷದ ಮೊದಲ ಕೆಲವು ತಿಂಗಳಲ್ಲೇ ಮುಗಿಯುವುದರಿಂದ ಚೀಟಿಯ ಮೇಲಿನ ಇಸವಿ ನೋಡಿದರೆ ವಯಸ್ಸು ಗೊತ್ತಾಗುತ್ತದೆ. ಬಿಳಿ, ರೋಸೆ ಎರಡು ವರ್ಷ ದಾಟಿದ್ದು ಬೇಡ. ಬಿಳಿ ವೈನ್ ಕಂದು ಹಳದಿಗೆ ತಿರುಗಿದ್ದರೆ, ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಕತ್ತಿನ ಬಳಿ ಅಂಟು ಒಸರಿದ್ದರೆ ಅದು ಬಿಸಿಗೆ ಕೆಟ್ಟಿದೆ ಎಂದರ್ಥ. ತಿರುಗಿಸುವ ಮುಚ್ಚಳದ ಬಾಟಲಿ ಅಗ್ಗದ ವೈನಿನ ಗುರುತು ಎಂಬುದು ಸುಳ್ಳು. ಹೊರಸಂಚಾರಕ್ಕೆ ಅದೇ ಅನುಕೂಲ, ಬಿರಡೆ ತೆಗೆಯುವ ಸ್ಕ್ರೂ ಮರೆತರೂ ಚಿಂತೆಯಿಲ್ಲ.

ಇಷ್ಟೆಲ್ಲ ಸರಿ ಮಾಡಿಯೂ ಹೆಚ್ಚಿನ ತಂಡಗಳು ಸೋಲುವುದು ತಂಪಿನಲ್ಲಿ. ಸ್ಪಾರ್ಕ್ಲಿಂಗ್ 6ರಿಂದ 8 ಡಿಗ್ರಿ, ಬಿಳಿ 8ರಿಂದ 10, ರೋಸೆ 10ರಿಂದ 12, ಎಳೆಯ ಶಿರಾಜ್ 15-16. ‘ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿ’ ಎಂಬ ಮಾತು ಹುಟ್ಟಿದ್ದು ತಣ್ಣನೆಯ ಕಲ್ಲಿನ ಮನೆಗಳ ನಾಡಿನಲ್ಲಿ, ನಮ್ಮ ಏಪ್ರಿಲ್ ತಿಂಗಳ 30 ಡಿಗ್ರಿಗೆ ಅನ್ವಯಿಸದು. ಬಿಸಿಯಾದ ಕೆಂಪು ವೈನಿನಲ್ಲಿ ಮೊದಲು ಮೂಗಿಗೆ ಬಡಿಯುವುದೇ ಸ್ಪಿರಿಟ್ ವಾಸನೆ. ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆ ಇಟ್ಟು ತೆಗೆಯಿರಿ.

ಫ್ರಿಜ್ ಇಲ್ಲದ ಕಡೆ ಬಕೆಟ್ ಸಾಕು. ಎರಡು ಬಾಟಲಿಗೆ ಎರಡು ಕಿಲೋ ಐಸ್, ಎರಡು ಲೀಟರ್ ನೀರು, ಎರಡು ಹಿಡಿ ಕಲ್ಲುಪ್ಪು. ಬರೀ ಐಸ್ ತುಂಬಿದರೆ ತುಂಡುಗಳ ನಡುವೆ ಗಾಳಿ ಉಳಿದು ತಂಪು ಸರಿಯಾಗಿ ತಾಗುವುದಿಲ್ಲ. ನೀರು ಬಾಟಲಿಯ ಮೈಗೆಲ್ಲ ಅಂಟುತ್ತದೆ, ಉಪ್ಪು ಆ ನೀರನ್ನು ಸೊನ್ನೆ ಡಿಗ್ರಿಗಿಂತ ಕೆಳಗಿಳಿಸುತ್ತದೆ. ಕತ್ತಿನವರೆಗೆ ಮುಳುಗಿಸಿ, ಆಗಾಗ ತಿರುಗಿಸುತ್ತಿದ್ದರೆ 20-25 ನಿಮಿಷದಲ್ಲಿ ಬಿಳಿ ವೈನ್ ಸಿದ್ಧ. ಅವಸರಕ್ಕೆ ಫ್ರೀಜರಿನಲ್ಲಿಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಬಿರಡೆಯನ್ನು ಹೊರದೂಡುತ್ತದೆ, ಸ್ಪಾರ್ಕ್ಲಿಂಗ್ ಆದರೆ ಬಾಟಲಿಯೇ ಒಡೆಯಬಹುದು. ಲೋಟಕ್ಕೆ ಐಸ್ ಹಾಕುವವರಿಗೆ ಬೈಯಬೇಕಿಲ್ಲ, ಆದರೆ ಹತ್ತು ನಿಮಿಷದಲ್ಲಿ ವೈನ್ ತೆಳ್ಳಗಾಗುತ್ತದೆ. ಬಕೆಟ್ ಪಕ್ಕದಲ್ಲಿದ್ದರೆ ಐಸಿನ ಅಗತ್ಯವೇ ಬರದು.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ವೈನ್ ಬಿಟ್ಟು ಬೆಟ್ಟ ಹತ್ತಲು ಹೋಗಬೇಡಿ. ಘಾಟಿಯ ತಿರುವುಗಳಲ್ಲಿ ಕುಲುಕಿದ ಸ್ಪಾರ್ಕ್ಲಿಂಗ್ ಬಾಟಲಿಯನ್ನು ಇಳಿಸಿದ ತಕ್ಷಣ ಬಿಚ್ಚಿದರೆ ಅರ್ಧ ವೈನ್ ನೆಲಕ್ಕೆ. ಮೂರು ನಾಲ್ಕು ಗಂಟೆ ತಂಪಿನಲ್ಲಿ ನಿಲ್ಲಿಸಿಡಿ. ಒಳಗಿನ ಒತ್ತಡ ಕಾರಿನ ಚಕ್ರದ ಗಾಳಿಯ ಎರಡು ಪಟ್ಟಿಗೂ ಹೆಚ್ಚು ಎಂಬುದು ನೆನಪಿರಲಿ. ಬಿರಡೆಯ ಮೇಲೆ ಹೆಬ್ಬೆರಳು ಒತ್ತಿಟ್ಟುಕೊಂಡೇ ತಂತಿಯ ಕಡಿವಾಣವನ್ನು ಆರು ಅರ್ಧ ಸುತ್ತು ಸಡಿಲಿಸಿ, ಬಾಟಲಿಯನ್ನು ಯಾರ ಮುಖಕ್ಕೂ ತೋರಿಸದೆ ಓರೆ ಮಾಡಿ, ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಮೆಲ್ಲನೆ ಉಸಿರು ಬಿಟ್ಟಂತೆ ಸದ್ದಾದರೆ ಸರಿಯಾಯಿತು. ಢಮ್ ಅನ್ನಿಸುವುದು ಕ್ರಿಕೆಟ್ ಆಟಗಾರರಿಗಿರಲಿ.

ಬಡಿಸುವ ಕ್ರಮ ಹೋಟೆಲಿನವರ ಕೈಯಲ್ಲಿ ಬಿಟ್ಟರೆ ಎಲ್ಲ ತಟ್ಟೆಯೂ ಒಟ್ಟಿಗೆ ಬರುತ್ತವೆ, ಎಲ್ಲರೂ ಮೊದಲು ಚಿಲ್ಲಿ ಚಿಕನ್‌ಗೇ ಕೈ ಹಾಕುತ್ತಾರೆ. ಆಮೇಲೆ ಹತ್ತು ಹದಿನೈದು ನಿಮಿಷ ನಾಲಿಗೆಗೆ ಯಾವ ವೈನೂ ತಿಳಿಯದು. ಎರಡೆರಡು ಬಗೆಯಂತೆ ತನ್ನಿ ಎಂದು ಮೊದಲೇ ಹೇಳಿ. ಹನ್ನೆರಡು ಜನಕ್ಕೆ ಬಗೆಗೆ ಎರಡು ತಟ್ಟೆ. ಉಪ್ಪಿನ ಕರಿದ ತಿಂಡಿ, ಮೀನು ಬ್ರುಟ್ ಜೊತೆ. ಸುಟ್ಟ ಪನೀರ್, ಘೀ ರೋಸ್ಟ್ ರೋಸೆ ಜೊತೆ. ಕಬಾಬ್, ಮಂಚೂರಿ ಕೊನೆಗೆ, ಚೆನಿನ್ ಜೊತೆ. ಪೆಪ್ಪರ್ ಫ್ರೈ ಇದ್ದರೆ ಕಬಾಬಿಗಿಂತ ಮುಂಚೆ. ಸಿಹಿಯಿಲ್ಲದ್ದು ಮೊದಲು, ಸಿಹಿಯದು ಆಮೇಲೆ. ತಿರುಗಾಮುರುಗಾ ಆದರೆ ಎರಡನೆಯ ವೈನ್ ಹುಳಿಯಾಗಿ ಕಾಣುತ್ತದೆ. ಉಪ್ಪಿನಕಾಯಿ ಮತ್ತು ಟೊಮೆಟೊ ಸಾಸಿನ ಬಾಟಲಿಯನ್ನು ಮಕ್ಕಳ ಮೇಜಿಗೆ ಕಳುಹಿಸಿ. ಖಾರ ನೆತ್ತಿಗೇರಿದವರಿಗೆ ನೀರಿಗಿಂತ ಒಂದು ಚಮಚ ಗಟ್ಟಿ ಮೊಸರು ಬೇಗ ಕೆಲಸ ಮಾಡುತ್ತದೆ.

ಕುಡಿಯದ ನಾಲ್ವರಿಗೆ ಪೆಪ್ಸಿ ಕೊಟ್ಟು ಕೂರಿಸುವುದು ಮರ್ಯಾದೆಯಲ್ಲ. ಸಕ್ಕರೆ ಕಡಿಮೆ ಹಾಕಿದ ಪುನರ್ಪುಳಿ ಶರಬತ್ತಿಗೆ ಸೋಡಾ ಬೆರೆಸಿದರೆ ಹುಳಿಯೂ ನೊರೆಯೂ ಸೇರಿ ಜಿಡ್ಡು ತೊಳೆಯುತ್ತದೆ, ರವಾ ಫ್ರೈಗೆ ಬ್ರುಟ್ ಮಾಡುವ ಕೆಲಸವನ್ನೇ ಮಾಡುತ್ತದೆ. ಕಟ್ಟಾ ಸಸ್ಯಾಹಾರಿಗಳಿದ್ದರೆ ಇನ್ನೊಂದು ವಿಚಾರ: ವೈನ್ ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಜೆಲಾಟಿನ್, ಮೀನಿನ ಗಾಳಿಚೀಲದ ಅಂಟು ಬಳಸುತ್ತಾರೆ, ಕೆಲವರು ಬೆಂಟೊನೈಟ್ ಜೇಡಿಮಣ್ಣು. ವೈನರಿಯವರನ್ನು ಕೇಳಿದರೆ ಯಾವುದೆಂದು ತಿಳಿಯುತ್ತದೆ.

ಗಾಡಿ ಓಡಿಸುವವರ ಲೆಕ್ಕವನ್ನು ಅಂಕಿಯಲ್ಲೇ ಹೇಳಬೇಕು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್. ಮೇಲೆ ಹೇಳಿದ ಮೂರು ಬಾಟಲಿಯ ಪಾಲು ತಲೆಗೆ 280 ಮಿ.ಲೀ., ಅಂದರೆ 28 ಗ್ರಾಂ. ಆಸುಪಾಸು ಆಲ್ಕೋಹಾಲ್. 60 ಕೆ.ಜಿ. ತೂಕದವರು ಒಂದೇ ಸಮನೆ ಇಷ್ಟು ಕುಡಿದರೆ ಮಿತಿಯ ಎರಡು ಪಟ್ಟು ದಾಟುತ್ತಾರೆ. ಇಳಿಯುವುದು ಗಂಟೆಗೆ ಏಳೆಂಟು ಗ್ರಾಂ ಲೆಕ್ಕದಲ್ಲಿ, ಕಾಫಿ ಕುಡಿದರೂ ಮುಖ ತೊಳೆದರೂ ಬೇಗ ಇಳಿಯುವುದಿಲ್ಲ. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಹನ್ನೆರಡು ಜನಕ್ಕೆ ಚಾಲಕರಿರುವ ಟಿ.ಟಿ. (ಟೆಂಪೊ ಟ್ರಾವೆಲರ್) ಬಾಡಿಗೆಗೆ ಹಿಡಿದರೆ ಇದಕ್ಕಿಂತ ಅಗ್ಗ.

ರಾಜ್ಯದ ವೈನ್ ನೀತಿ 2007ರಲ್ಲಿ ಬಂತು, ದ್ರಾಕ್ಷಾರಸ ಮಂಡಳಿಯೂ ಇದೆ. ವೈನರಿಗಳಿಗೂ ಮಂಡಳಿಗೂ ಒಂದು ಕೋರಿಕೆ. ಬಾಟಲಿಯ ಹಿಂಬದಿಯಲ್ಲಿ ‘ಬೆರ್ರಿ, ಚಾಕೊಲೇಟ್, ತಂಬಾಕಿನ ಸುವಾಸನೆ’ ಎಂದು ಬರೆಯುವ ಜಾಗದಲ್ಲಿ ಲೀಟರಿಗೆ ಸಕ್ಕರೆ ಎಷ್ಟು ಗ್ರಾಂ ಎಂಬ ಒಂದು ಅಂಕಿಯನ್ನೂ, ಕಬಾಬಿಗೆ ಹೊಂದುತ್ತದೆಯೋ ರವಾ ಫ್ರೈಗೋ ಎಂಬ ಒಂದು ಸಾಲನ್ನೂ ಕನ್ನಡದಲ್ಲಿ ಅಚ್ಚು ಹಾಕಲಿ. ಅಲ್ಲಿಯವರೆಗೆ ನಿಮ್ಮ ಪುರವಣಿಯಾದರೂ ಚೀಸ್ ತಟ್ಟೆಯ ಚಿತ್ರ ಬಿಟ್ಟು ನಮ್ಮ ಮೇಜಿನ ಮೇಲಿನ ತಿನಿಸುಗಳ ಬಗ್ಗೆ ಬರೆಸಲಿ.

ಇತಿ,
ವೈನ್ ಸೇವೆಯ ಕೆಲಸದಲ್ಲಿರುವ ಓದುಗರು, ದೊಡ್ಡಬಳ್ಳಾಪುರ